ಜೋಡಿ ಕಟ್ಟುವ ದಿನ ಕೂಗಿದವನು

ನನ್ನ ಮೈಕಟ್ಟು ನೋಡಿದ ಯಾರೂ ನನಗೆ ಕುಸ್ತಿಯ ಹುಚ್ಚಿದೆ ಎಂದರೆ ನಂಬುತ್ತಿರಲಿಲ್ಲ. ಜೋರು ಗಾಳಿ ಬೀಸಿದರೆ ಕಂಬ ಹುಡುಕುವ ಆಸಾಮಿ ನಾನು. ದೇವರಾಜ ಮೊಹಲ್ಲಾದ ಒಂದು ಪ್ರೆಸ್ಸಿನಲ್ಲಿ ದಿನವಿಡೀ ಅಚ್ಚಿನ ಮೊಳೆ ಜೋಡಿಸುವುದು ನನ್ನ ಕಸುಬು. ಹೀಗಿದ್ದೂ ಸ್ವಾತಂತ್ರ್ಯ ಬಂದ ಮರುವರ್ಷದಿಂದ ಹನ್ನೆರಡು ವರ್ಷ, ನಜರ್‌ಬಾದಿನ ಗರಡಿಯ ಒಬ್ಬ ಪೈಲ್ವಾನರ ಹಿಂದೆ ಬಿದ್ದಿದ್ದೆ. ಅವರ ಕುಸ್ತಿ ಒಂದನ್ನೂ ತಪ್ಪಿಸಿಕೊಂಡವನಲ್ಲ. ನಾನು ಯಾರೆಂಬುದು ಮಾತ್ರ ಅವರಿಗೆ ಗೊತ್ತೇ ಇರಲಿಲ್ಲ.

ಅವರು ಗೆದ್ದ ದಿನ ನಾನು ಮೈದಾನದಿಂದ ಎದೆಯುಬ್ಬಿಸಿಕೊಂಡು ಮನೆಗೆ ಬರುತ್ತಿದ್ದೆ. ಹೆಂಡತಿಗೆ ಮೊಳದ ಬದಲು ಮಾರು ಮಲ್ಲಿಗೆ ಬರುತ್ತಿತ್ತು. ಸೋತ ದಿನ ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇರುತ್ತಿದ್ದೆ. 'ಸೋತೋರೇ ಉಂಡು ಮಲಗಿರ್ತಾರೆ, ನಿಮಗೇನ್ರೀ ಬಂದಿರೋದು' ಎನ್ನುತ್ತಿದ್ದಳು ಅವಳು. ಅವಳಿಗೆ ಏನು ಹೇಳುವುದು? ನನ್ನ ಬದುಕಿನಲ್ಲಿ ನಾನು ಯಾರನ್ನೂ ಕೆಡವಿದವನಲ್ಲ. ಪ್ರೆಸ್ಸಿನ ಯಜಮಾನರು ಬೈದರೆ ತಲೆ ತಗ್ಗಿಸಿಕೊಂಡು ಮೊಳೆ ಆರಿಸುತ್ತಿದ್ದೆ. ನನ್ನ ಪರವಾಗಿ ಕೆಡವಲು ನನಗೆ ಒಬ್ಬರು ಬೇಕಾಗಿತ್ತು.

ಕೊನೆಯ ಮೂರು ವರ್ಷ ಅವರು ಬರೀ ಸೋತರು. ಕಾಲು ಭಾರವಾಗಿತ್ತು, ಎರಡು ಸುತ್ತು ಓಡಾಡಿದರೆ ಉಸಿರು ಕಟ್ಟುತ್ತಿತ್ತು. ಮೊದಲೆಲ್ಲ ಹೆಗಲ ಮೇಲೆ ಹೊತ್ತು ಮೆರೆಸಿದವರು ಈಗ ಬೇರೆ ಗರಡಿಯ ಹುಡುಗರ ಹೆಸರು ಹೇಳತೊಡಗಿದ್ದರು. ನನಗೆ ಹಾಗೆ ಪಕ್ಷ ಬದಲಿಸಿದವರ ಮೇಲೆಲ್ಲ ಸಿಟ್ಟು. ನಂಬಿದವನು ನಾನೊಬ್ಬನೇ ಎಂಬ ಜಂಬವೂ ಆ ಸಿಟ್ಟಿನಲ್ಲಿ ಇತ್ತು ಅಂತ ಈಗ ಅನ್ನಿಸುತ್ತದೆ.

ನಮ್ಮೂರಲ್ಲಿ ದಸರಾ ಕುಸ್ತಿಗೆ ಕೆಲವು ದಿನ ಮುಂಚೆ ಜೋಡಿ ಕಟ್ಟುತ್ತಾರೆ. ಗರಡಿಗಳ ಉಸ್ತಾದರು, ಊರಿನ ಹಿರಿಯರು ಚಾಪೆ ಹಾಸಿ ಕೂತಿರುತ್ತಾರೆ. ಪೈಲ್ವಾನರು ಅಂಗಿ ಕಳಚಿ ಎದುರುಬದುರು ನಿಲ್ಲುತ್ತಾರೆ. ಮೈ, ತೂಕ, ವಯಸ್ಸು ನೋಡಿ ಸರಿಜೋಡಿ ಅನ್ನಿಸಿದರೆ ಎಲ್ಲರ ಮುಂದೆ ಒಬ್ಬರ ಕೈ ಒಬ್ಬರು ಹಿಡಿಯುತ್ತಾರೆ. ಹಿಡಿಯುವ ತನಕ ಬೇಡ ಎನ್ನಬಹುದು, ಅದರಲ್ಲಿ ಅವಮಾನವೇನಿಲ್ಲ. ಹಿಡಿದ ಮೇಲೆ ಹಿಂದೆ ಸರಿದರೆ ಮಾತ್ರ ಇಡೀ ಗರಡಿಯ ಮಾನ ಹೋಗುತ್ತದೆ.

ಆ ವರ್ಷ ಅವರ ಎದುರು ನಿಂತವನು ಹೊರಗಿನ ಊರಿನವನು. ಇಪ್ಪತ್ತೆರಡು ದಾಟಿರಲಿಲ್ಲ, ಕಲ್ಲಿನಂಥ ಮೈ. ಇವರ ಗರಡಿಯ ವಯಸ್ಸಾದ ಉಸ್ತಾದರು ನೋಡಿದ ಕೂಡಲೇ ಬೇಡವೆಂದು ತಲೆಯಾಡಿಸಿ, ಪೈಲ್ವಾನರ ಭುಜದ ಮೇಲೆ ಕೈಯಿಟ್ಟು ಹೊರಡಿಸಿದರು. ಇವರೂ ಸುಮ್ಮನೆ ತಿರುಗಿಬಿಟ್ಟರು. ಜನ ನಕ್ಕರು. ನನಗೆ ತಡೆಯಲಾಗಲಿಲ್ಲ. ಜನ್ಮದಲ್ಲಿ ಗಟ್ಟಿಯಾಗಿ ಮಾತಾಡದವನು ಗುಂಪಿನ ಹಿಂದೆ ನಿಂತು ಕೂಗಿಬಿಟ್ಟೆ:

'ಕೈ ಹಿಡೀರಿ ಪೈಲ್ವಾನ್ರೇ. ನಜರ್‌ಬಾದ್ ಗರಡಿಯೋರು ಯಾವತ್ತು ಹಿಂದಕ್ಕೆ ಹೋಗವ್ರೆ?'

ನಕ್ಕವರೂ ನನ್ನ ದನಿಗೆ ದನಿ ಸೇರಿಸಿದರು. ಅವರಿಗೆ ಅದು ತಮಾಷೆ. ಪೈಲ್ವಾನರು ನಿಂತರು, ಒಂದು ಗಳಿಗೆ ನೆಲ ನೋಡಿದರು, ವಾಪಸು ಬಂದು ಆ ಹುಡುಗನ ಕೈ ಹಿಡಿದರು. ಉಸ್ತಾದರು ಹೋಗಿ ಚಾಪೆಯ ಮೇಲೆ ಕೂತರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನಾನಾದರೋ ಖುಷಿಯಿಂದ ಮನೆಗೆ ಹೋಗಿ ಎರಡು ಮುದ್ದೆ ಉಂಡೆ.

ಕುಸ್ತಿ ಐದು ನಿಮಿಷವೂ ನಡೆಯಲಿಲ್ಲ. ಆ ಹುಡುಗ ಸೊಂಟ ಹಿಡಿದು ಎತ್ತಿ ಒಗೆದ. ಇವರ ಬಲಭುಜ ಮೊದಲು ನೆಲಕ್ಕೆ ತಾಗಿತು, ಅದರ ಮೇಲೆ ಇಬ್ಬರ ಭಾರವೂ ಬಿತ್ತು. ಸುತ್ತಲೂ ಜನ ಎದ್ದು ನಿಂತು ಶಿಳ್ಳೆ ಹೊಡೆಯುತ್ತಿದ್ದರು. ಕುಸ್ತಿಯ ಕಣವಾದ ಮಟ್ಟಿಯ ಕೆಂಪು ಮಣ್ಣಿನಲ್ಲಿ ಇವರು ಎಡಗೈ ಊರಿ ಏಳಲು ನೋಡುತ್ತಿದ್ದರು, ಏಳಲು ಆಗುತ್ತಿರಲಿಲ್ಲ. ನಾನು ಅಲ್ಲಿಂದ ಓಡಿಬಂದೆ.

ಭುಜ ಮತ್ತೆ ಸರಿಹೋಗಲಿಲ್ಲ ಎಂದು ಕೇಳಿದೆ. ಆರು ತಿಂಗಳು ಧೈರ್ಯ ಸಾಲದೆ, ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋದೆ. ಕೂಗಿದವನು ನಾನೇ, ಕ್ಷಮಿಸಿ ಎಂದು ಹೇಳುವುದಕ್ಕೆ ಹೋಗಿದ್ದೆ. ದಾರಿಯುದ್ದಕ್ಕೂ ಆ ಮಾತನ್ನೇ ಬಾಯಿಪಾಠ ಮಾಡಿದ್ದೆ. ಹಿತ್ತಲಲ್ಲಿ ಅವರ ಹೆಂಡತಿ ಎಮ್ಮೆ ಕರೆಯುತ್ತಿದ್ದರು. ಅದು ಮೊದಲು ಪೈಲ್ವಾನರ ಕೆಲಸವಾಗಿತ್ತಂತೆ. ಪೈಲ್ವಾನರು ಹೊರಗೆ ಬಂದು ಯಾರು ನೀವು ಎಂದು ಕೇಳಿದರು. ಕುಸ್ತಿ ನೋಡುವವನು ಅಂದೆ. ಅಷ್ಟಕ್ಕೇ ಅವರ ಮುಖ ಅರಳಿತು. ಬಿದ್ದ ಮೇಲೆ ಒಬ್ಬರೂ ಈ ಕಡೆ ತಲೆ ಹಾಕಿರಲಿಲ್ಲವಂತೆ. ಜಗಲಿಯ ಮೇಲೆ ಕೂರಿಸಿ, ಎಡಗೈಯಲ್ಲೇ ಲೋಟಕ್ಕೆ ಹಾಲು ಬಗ್ಗಿಸಿ ಕೊಟ್ಟರು. ಅರ್ಧ ಹಾಲು ನೆಲಕ್ಕೆ ಚೆಲ್ಲಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಮಾತು ತೆಗೆದರು.

'ಅವತ್ತು ನಾನು ಬ್ಯಾಡ ಅಂತ್ಲೇ ತಿರುಗ್ಬುಟ್ಟಿದ್ದೆ ಸ್ವಾಮಿ. ಹಿಂದ್ಗಡೆಯಿಂದ ಯಾರೋ ಒಬ್ರು ಕೂಗಿದ್ರು. ಮುಖ ಕಾಣ್ಲಿಲ್ಲ. ಮಿಕ್ಕೋರು ನಗ್ತಿದ್ರು, ಅವ್ರ ದನೀಲಿ ನಗು ಇರ್ಲಿಲ್ಲ. ನನ್ನ ನಂಬಿರೋರು ಇನ್ನೂ ಒಬ್ರವ್ರೆ ಅನ್ನಿಸ್ತು, ಅವ್ರಿಗೋಸ್ಕರ ಕೈ ಹಿಡಿದೆ. ಅವ್ರ ಮರ್ಯಾದೆ ಕಳೆದ್ಬುಟ್ಟೆ. ನೀವು ಕುಸ್ತಿಗೆ ಹೋಗೋರು, ಅವ್ರೇನಾದ್ರೂ ಕಂಡ್ರೆ ನಾನು ತಪ್ಪಾಯ್ತು ಅಂದೆ ಅಂತ ಹೇಳಿ.'

ಹಾಲು ಕುಡಿದು ಲೋಟ ಕೆಳಗಿಟ್ಟೆ. ಕಂಡರೆ ಹೇಳುತ್ತೇನೆ ಅಂದು ಎದ್ದು ಬಂದೆ.