ಚೊಕ್ಕ ಮಾಡಿದ ಗೂಡು

ಇವತ್ತು ಬೆಳಿಗ್ಗೆ ತಮಿಳುನಾಡಿನ ಸಿರುಮುಗೈಯ ನಮ್ಮ ಮಗ್ಗದ ಕೋಣೆಯಲ್ಲಿ, ನೇಯ್ದು ಇಳಿಸಿದ ರೇಷ್ಮೆ ಸೀರೆಯ ಹಿಂಬದಿಯಲ್ಲಿ ಉಳಿದ ನೂಲಿನ ತುದಿಗಳನ್ನು ಕತ್ತರಿಸುತ್ತ ಕುಳಿತಿದ್ದೆ. ಅಂಗೈಯಲ್ಲಿ ಅಡಗುವ ಈ ಪುಟ್ಟ ಕತ್ತರಿ ವರ್ಷಾನುಗಟ್ಟಲೆಯಿಂದ ನನ್ನ ಜೇಬಿನಲ್ಲಿದೆ. ನೇಕಾರರ ಮನೆಯಲ್ಲಿ ಹುಟ್ಟಿದವನಿಗೆ ಎಲ್ಲಿ ಎಳೆ ನೇತಾಡುತ್ತಿದ್ದರೂ ಕೈ ಸುಮ್ಮನಿರುವುದಿಲ್ಲ, ನೋಡಿ. ಬಸ್ಸಿನಲ್ಲಿ ಮುಂದೆ ಕುಳಿತವರ ಕಾಲರಿನ ದಾರ ಕತ್ತರಿಸಿ ಬೈಸಿಕೊಂಡಿದ್ದೇನೆ. ನಗಬೇಡಿ. ಈ ಚಾಳಿ ಒಂದು ಸಲ ನಗುವ ಹಾಗಿಲ್ಲದ ಕೆಲಸ ಮಾಡಿತು.

ಫೋಟೊ ಹುಚ್ಚು ನನಗೆ ಹಿಡಿದದ್ದು ತಡವಾಗಿ. ಭಾನುವಾರ ಭವಾನಿ ಹೊಳೆಯ ದಂಡೆಯಲ್ಲಿ ನಾಲ್ಕಾರು ಮಂದಿ ಸೇರುತ್ತೇವೆ. ಮೊದಮೊದಲು ನನ್ನ ಫೋಟೊಗಳಲ್ಲಿ ಕೊಂಬೆ ಇರುತ್ತಿತ್ತು, ಹಕ್ಕಿ ಹೋಗಿರುತ್ತಿತ್ತು. ಆಮೇಲೆ ಮಿಂಚುಳ್ಳಿ ಸಿಕ್ಕಿತು, ಬೇಲಿಯ ತಂಗಡಿ ಹೂ ಸಿಕ್ಕಿತು, ನೀರುಮತ್ತಿ ಮರದ ನುಣುಪು ತೊಗಟೆ ಸಿಕ್ಕಿತು. ಎಲ್ಲವನ್ನೂ ತಂದು ತೋರಿಸುತ್ತಿದ್ದುದು ಅತ್ತೆಗೆ. ಅಪ್ಪನ ಅಕ್ಕ, ನನ್ನನ್ನು ಸಾಕಿದವಳು. ಎಪ್ಪತ್ತು ದಾಟುವವರೆಗೂ ಮಗ್ಗಕ್ಕೆ ಕೂತು, ಕಣ್ಣು ಮಂಜಾದ ಮೇಲೆ ಎದ್ದವಳು. ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, "ಈ ಹಳದಿ ಸೆರಗಿಗೆ ಚೆನ್ನಾಗಿರ್ತದೆ ಸಾಮಿ" ಎನ್ನುವಳು.

ಮೂರು ವರ್ಷದ ಹಿಂದೆ ಅಂಗಳದ ದಾಳಿಂಬೆ ಗಿಡದಲ್ಲಿ, ಹೂವಿನ ಜೇನು ಹೀರುವ ಪುಟ್ಟ ಸೂರಕ್ಕಿ ಗೂಡು ಕಟ್ಟಿತು. ಮನೆಯಲ್ಲಿ ನಾವು ತಮಿಳಿನವರಂತೆ ತೇನ್‌ಚಿಟ್ಟು ಅಂತಲೇ ಕರೆಯುತ್ತೇವೆ. ಜೇಡರ ಬಲೆ, ಒಣ ತೊಗಟೆ, ನಮ್ಮ ಮಗ್ಗದಡಿಯ ರೇಷ್ಮೆ ಚೂರು, ಏನೇನೋ ಅಂಟಿಸಿ, ಕೆಳಗೊಂದು ಕಸದ ಬಾಲ ಬಿಟ್ಟಿತ್ತು. ಗೊತ್ತಿಲ್ಲದವರ ಕಣ್ಣಿಗೆ ಅದು ಗಾಳಿಗೆ ಸಿಕ್ಕಿಕೊಂಡ ಕಸವೇ. ಅತ್ತೆ ಮಾತ್ರ ಮರಿಗಳ ಸದ್ದಿನಿಂದಲೇ ಕಂಡುಹಿಡಿದು, ದಿನವಿಡೀ ಬಾಗಿಲಲ್ಲಿ ಕೂರತೊಡಗಿದಳು. ಮಗ್ಗ ಬಿಟ್ಟ ಮೇಲೆ ಅವಳ ಮುಖದಲ್ಲಿ ಅಷ್ಟು ಗೆಲುವು ನಾನು ಕಂಡಿರಲಿಲ್ಲ.

"ಕುಂಜು ಎಷ್ಟದೆ ಅಂತ ನೋಡ್ಬೇಕು ಸಾಮಿ. ಫೋಟೊ ಹಿಡ್ದು ತೋರ್ಸು" ಎಂದಳು.

ಮರಿಯನ್ನು ನಾವು ಕುಂಜು ಎನ್ನುತ್ತೇವೆ. ಕ್ಯಾಮೆರಾ ಹಿಡಿದು ನಿಂತರೆ ಎಲೆ ಅಡ್ಡ, ರೆಂಬೆ ಅಡ್ಡ, ಆ ಬಾಲದ ಎಳೆಗಳಂತೂ ಗಾಳಿಗೆ ಅಲ್ಲಾಡಿ ಎಲ್ಲವನ್ನೂ ಕೆಡಿಸುತ್ತಿದ್ದವು. ಕೈ ಜೇಬಿಗೆ ಹೋಯಿತು. ಎರಡು ಎಲೆ, ಒಂದು ರೆಂಬೆ, ಆಮೇಲೆ ಒಂದೊಂದಾಗಿ ನೇತಾಡುವ ಎಳೆಗಳು. ಸೀರೆಯನ್ನು ಚೊಕ್ಕ ಮಾಡುವ ಹಾಗೆ ಗೂಡನ್ನು ಚೊಕ್ಕ ಮಾಡಿದೆ. ಅಬ್ಬಾ, ಆಮೇಲೆ ಎಂಥ ಫೋಟೊ ಬಂತು! ಅತ್ತೆ ಫೋನಿನ ಮೇಲೆ ಬೆರಳಿಟ್ಟು ಎಣಿಸಿದಳು.

"ಎರಡು ಕುಂಜು! ಬಾಯಿ ನೋಡು, ಪಾವಂ, ಎಷ್ಟು ಹಸಿವೋ."

ಮರುದಿನ ಮಧ್ಯಾಹ್ನ ಅತ್ತೆ ಮಲಗಿದ್ದಾಗ ಕಾಗೆ ಬಂತು. ಕಸದಂತಿದ್ದುದು ಈಗ ಗೂಡಿನಂತೆ ಕಾಣುತ್ತಿತ್ತಲ್ಲ. ನಾನು ಓಡಿಬರುವಷ್ಟರಲ್ಲಿ ಗೂಡು ಹರಿದಿತ್ತು, ಮರಿಗಳಿರಲಿಲ್ಲ, ತಾಯಿ ತಂತಿಯ ಮೇಲೆ ಕೂತು ಅರಚುತ್ತಿತ್ತು. ಅತ್ತೆ ಎದ್ದು ಬಂದು ಕೇಳಿದಾಗ, "ಹಾರಿಹೋದ್ವು ಅತ್ತೆ" ಎಂದುಬಿಟ್ಟೆ. ಅವಳು ಒಳಗಿಂದ ಚಿಟಿಕೆ ಸಕ್ಕರೆ ತಂದು ನನ್ನ ಬಾಯಿಗೆ ಹಾಕಿದಳು. ಅಂದಿನಿಂದ ಅಂಗಳದಲ್ಲಿ ಯಾವ ಸೂರಕ್ಕಿ ಕೂಗಿದರೂ, "ನಮ್ಮ ಕುಂಜು ಬಂದದೆ" ಎನ್ನುವಳು.

ಹೋದ ವಾರ, ಭಾನುವಾರದ ಫೋಟೊ ಗೆಳೆಯರು ಪ್ರದರ್ಶನಕ್ಕೆ ಆ ಫೋಟೊವನ್ನೇ ಆರಿಸಿದರು. ಅದರ ಕೆಳಗೆ ಹಾಕಲು, ಆ ಮರಿಗಳು ಮುಂದೆ ಏನಾದವು ಅಂತ ಎರಡು ಸಾಲು ಬರೆದುಕೊಡು ಎಂದರು. ಬರೆಯಲಾಗಲಿಲ್ಲ. ಅತ್ತೆಯ ಎದುರು ಕೂತು ಎಲ್ಲವನ್ನೂ ಹೇಳಿದೆ. ಹೇಳಿದ ಮೇಲೆ ಹಗುರಾದೆ ಎಂಬುದನ್ನೂ ನಿಮ್ಮಿಂದ ಮುಚ್ಚಿಡುವುದಿಲ್ಲ.

"ಎರಡೂನಾ?"

"ಎರಡೂ ಅತ್ತೆ."

ಅವಳು ಸೆರಗಿನ ಅಂಚನ್ನು ಸವರಿದಳು. ಬೈಯಲಿಲ್ಲ.

"ಮೂರು ವರ್ಷ ಹೇಳ್ದೆ ಇದ್ದೆ. ನಾನು ಇನ್ನೆಷ್ಟು ದಿನ ಇರ್ತೀನಿ ಸಾಮಿ? ಅಲ್ಲಿ ತನಕ ಸುಮ್ಮನೆ ಇರಬಾರದಾಗಿತ್ತಾ?"

ಫೋಟೊ ಬೇಡವೆಂದು ಗೆಳೆಯರಿಗೆ ತಿಳಿಸಿದೆ. ಅದರಿಂದ ಅತ್ತೆಗೆ ಏನು ಬಂತು? ಇದನ್ನು ನಿಮಗೆ ಹೇಳುತ್ತಿರುವಾಗಲೇ ದಾಳಿಂಬೆ ಗಿಡದಲ್ಲಿ ಸೂರಕ್ಕಿಯೊಂದು ಕೂಗಿತು. ಅತ್ತೆ ಬಾಗಿಲಲ್ಲೇ ಇದ್ದಳು. ತಡೆಯಲಾರದೆ, ಅವಳ ಮಾತನ್ನು ನಾನೇ ಅಂದೆ: "ಅತ್ತೆ, ನಮ್ಮ ಕುಂಜು ಬಂದದೆ."

"ಯಾರದೋ" ಎಂದು ಎದ್ದು ಒಳಗೆ ಹೋದಳು.