ದಾವಲಸಾಬ ಕಾಕಾ ಮತ್ತು ಜಗದೀಶನ ಮೆಟ್ಟಿಲು

ದಾವಲಸಾಬ ಕಾಕಾ ಯಾರ ಮನೆಗೆ ಹೋದರೂ ಮೊದಲು ಬಾಗಿಲು ಅಳೆಯುತ್ತಿದ್ದರು, ಸಲಾಂ ಆಮೇಲೆ. ಗೇಣು ಹಾಕಿ, ಕಣ್ಣು ಕಿರಿದು ಮಾಡಿ, "ಗೌಂಡಿ ಮೂರ ಇಂಚ ಕದ್ದಾನ ನೋಡ್ರಿ" ಎಂದು ತೀರ್ಪು ಕೊಟ್ಟೇ ಒಳಗೆ ಕಾಲಿಡುವುದು. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರ ಮುಂದೆ ನಮ್ಮ ಮನೆಯ ಬಾಗಿಲಿಗೂ ಹೀಗೇ ಮಾಡಿ ಅಪ್ಪನ ಕೈಲಿ ಬೈಸಿಕೊಂಡಿದ್ದರು.

ಇಂಥವರಿಗೆ 'ಅಳತೆ ತಪ್ಪಿದವ' ಅಂತ ಹಣೆಪಟ್ಟಿ ಅಂಟಿಸಿದ ಒಬ್ಬನಿದ್ದ. ಹೆಸರು ಜಗದೀಶ. ಇಷ್ಟು ವರ್ಷವಾದರೂ ನನ್ನ ಸಿಟ್ಟು ಇಳಿದಿಲ್ಲ. 'ಹೋಗಲಿ ಬಿಡು, ಕ್ಷಮಿಸು' ಅನ್ನುವವರು ಇಲ್ಲಿಗೇ ಓದುವುದು ನಿಲ್ಲಿಸಿ.

ಕಾಕಾ ಧಾರವಾಡದ ಲಕಮನಹಳ್ಳಿಯ ಒಂದು ಕಾರ್ಖಾನೆಯಲ್ಲಿ ನಕ್ಷೆ ಬರೆಯುತ್ತಿದ್ದರು. ಜಗದೀಶ ಅಲ್ಲಿಯ ಸೂಪರ್‌ವೈಸರ್. ಹೊಸ ಶೆಡ್ಡಿನಲ್ಲಿ ಮೇಲಿನ ಆಫೀಸಿಗೆ ಹೋಗಲು ಕಬ್ಬಿಣದ ಮೆಟ್ಟಿಲು ಬೇಕಿತ್ತು. ಮೆಟ್ಟಿಲಿಗೂ ಅದರ ಮೇಲಿನ ತೊಲೆಗೂ ನಡುವೆ ಏಳು ಅಡಿ ಜಾಗ ಅಂತ ಕಾಕಾ ನಕ್ಷೆ ಬರೆದುಕೊಟ್ಟರು. ಇದ್ದ ಕಬ್ಬಿಣದಲ್ಲೇ ಲಗೂನೆ ಮುಗಿಸಿ ಶಭಾಸ್ ಅನ್ನಿಸಿಕೊಳ್ಳಲು ಜಗದೀಶ ತೊಲೆಯನ್ನು ಒಂದೂವರೆ ಅಡಿ ಕೆಳಗಿಳಿಸಿದ. ನಕ್ಷೆಯ ಮೂಲೆಯಲ್ಲಿ 'ತಿದ್ದಿದವರು' ಅಂತ ಒಂದು ಖಾನೆ ಇರುತ್ತದೆ. ಒಂದು ಗೆರೆ ಬದಲಾಯಿಸಿದರೂ ಅಲ್ಲಿ ಸಹಿ ಹಾಕಬೇಕು. ಅವನು ಹಾಕಲಿಲ್ಲ. ಏಳನ್ನು ಬ್ಲೇಡಿನಿಂದ ಕೆರೆದು ಐದೂವರೆ ಮಾಡಿದ, ಅಷ್ಟೇ.

ಪೂಜೆಯ ದಿನ ಮಾಲೀಕರು ಆ ಮೆಟ್ಟಿಲು ಹತ್ತಿದರು. ಹಣೆಗೆ ಮೂರು ಹೊಲಿಗೆ ಬಿತ್ತು.

"ನಕ್ಷಿ ಹಂಗ ಐತ್ರಿ ಸಾಹೇಬ್ರ. ಬೇಕಾದ್ರ ನೋಡ್ರಿ, ದಾವಲಸಾಬಂದ ಸಹಿ ಐತಿ" ಅಂದ ಜಗದೀಶ. ಸಂಜೆಯೊಳಗೆ ಕಾಕಾ ನೌಕರಿ ಕಳೆದುಕೊಂಡು ಮನೆಯಲ್ಲಿದ್ದರು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಧಾರವಾಡದಲ್ಲಿ ಐದು ಕಂಪ್ಯೂಟರಿನ ಗೇಮ್ ಸೆಂಟರ್ ಇಟ್ಟಿದ್ದೆ. ಹೆಣ್ಣುಮಗಳು ಬಂದೂಕಿನ ಆಟದ ಅಂಗಡಿ ತೆಗೆದಿದ್ದಾಳೆ ಅಂತ ಓಣಿಯೆಲ್ಲ ನಕ್ಕಿತ್ತು. ಕಾಕಾ ಪಕ್ಕದ ಮನೆಯವರು. ಹೊತ್ತು ಹೋಗದೆ ಬಂದು ಕೂರುವರು. ಆಟ ಮಾತ್ರ ಒಗ್ಗಲಿಲ್ಲ. ಬಂದೂಕು ಹಿಡಿದು ಗೋಡೆ ನೋಡುತ್ತಾ ನಿಂತರೆ, ದೆವ್ವ ಬಂದು ಕಡಿಯುವವರೆಗೂ ಅಲ್ಲಿಂದ ಸರಿಯುತ್ತಿರಲಿಲ್ಲ. "ಇಟ್ಟಂಗಿ ಜೋಡಣಿ ತಪ್ಪೇತಿ ಯವ್ವಾ" ಅನ್ನುತ್ತಲೇ ಸಾಯುತ್ತಿದ್ದರು.

ಒಂದು ದಿನ ಅದೇ ಆಟದ ಲೆವೆಲ್ ಎಡಿಟರ್, ಅಂದರೆ ಆಟದ ಜಾಗವನ್ನು ನಾವೇ ಕಟ್ಟುವ ಸಲಕರಣೆ, ತೆರೆದು ತೋರಿಸಿದೆ. ಆಗಿನ ಆಟಗಳಲ್ಲಿ ಅದು ಸರಳ. ಮೇಲಿನಿಂದ ನೋಡಿದಂತೆ ಗೆರೆ ಎಳೆದು ಕೋಣೆ ಮಾಡು, ನೆಲಕ್ಕೊಂದು ಎತ್ತರ, ಚಾವಣಿಗೊಂದು ಎತ್ತರ ಕೊಡು, ಆಮೇಲೆ ನೀನೇ ಒಳಗಿಳಿದು ಓಡಾಡು. ಕಾಕಾ ಮೌಸ್ ಹಿಡಿದು ಒಂದು ಗೆರೆ ಎಳೆದರು, ಅಳಿಸಿ ಮತ್ತೆ ಎಳೆದರು.

"ಅಲ್ಲ ಯವ್ವಾ, ಇದು ನನ್ನ ಕಸಬ ಅಲ್ಲೇನ? ನನಗ ಹೊಡ್ಯಾಕ ಬರೂದಿಲ್ಲ. ಕಟ್ಟಾಕ ಬರತೈತಿ."

ಮೂರು ತಿಂಗಳು ಕೂತು ಕಾರ್ಖಾನೆ ಕಟ್ಟಿದರು. ಗೇಟು, ಲೇತ್ ಮಷೀನಿನ ಸಾಲು, ಕ್ಯಾಂಟೀನು, ಎಲ್ಲ ನೆನಪಿನಿಂದಲೇ, ಅಳತೆಗೆ ಸರಿಯಾಗಿ. "ಬಾಗಲಾ ಒಂದೀಟ ಅಗಲ ಮಾಡ್ರಿ ಕಾಕಾ, ಆಡೋರು ಸಿಕ್ಕೊಂತಾರ" ಅಂದೆ.

"ಅಲ್ಲಿ ಮೂರ ಅಡಿ ಐತಿ, ಇಲ್ಲೂ ಮೂರ ಅಡಿ. ಸುಳ್ಳ ಅಳತಿ ಜಗದೀಶಗ ಬರತೈತಿ, ನನಗಲ್ಲ."

ಕಟ್ಟಿದ್ದು ಒಂದಲ್ಲ, ಎರಡು ಕಾರ್ಖಾನೆ. ಒಂದರಲ್ಲಿ ತೊಲೆ ಏಳು ಅಡಿಗೆ, ಇನ್ನೊಂದರಲ್ಲಿ ಐದೂವರೆಗೆ. ಕಾಕಾ ಲೆಕ್ಕದಲ್ಲಿ ಆಟದೊಳಗಿನ ಮನುಷ್ಯ ಆರಡಿ ಆಳು, ಮತ್ತು ಆ ಆಟದಲ್ಲಿ ಅವನಿಗೆ ಬಗ್ಗಲು ಬರುವುದಿಲ್ಲ. ತೊಲೆ ತಾಗಿದರೆ ಅಲ್ಲೇ ನಿಂತುಬಿಡುತ್ತಾನೆ. ಐದೂವರೆಯ ಕಾರ್ಖಾನೆಯ ಆಫೀಸಿನಲ್ಲಿ ಕಾಕಾ ಬೆಂಕಿ ಉಗುಳುವ ಐದು ದೆವ್ವಗಳನ್ನು ಕೂರಿಸಿದ್ದರು.

ಜಗದೀಶನನ್ನು ಕರೆಸಿದ್ದು ನಾನೇ. ರಜೆಯ ದಿನ ಆಡಲು ಬರುತ್ತಿದ್ದ ಅವನ ಕೆಲಸಗಾರರ ಕೈಯಲ್ಲಿ 'ನಿಮ್ಮ ಕಾರ್ಖಾನೆ ಕಂಪ್ಯೂಟರಿನಲ್ಲಿ ಬಂದಿದೆ' ಅಂತ ಹೇಳಿ ಕಳಿಸಿದೆ. ಇಸ್ತ್ರಿ ಅಂಗಿ ಹಾಕಿಕೊಂಡು ಬಂದ. ಕಾಕಾ ಐದೂವರೆಯ ಕಾರ್ಖಾನೆ ತೆರೆದಿಟ್ಟು, ಎದ್ದು ಕುರ್ಚಿ ಬಿಟ್ಟುಕೊಟ್ಟರು.

"ಬರ್ರಿ ಸಾಹೇಬ್ರ. ಮ್ಯಾಲ ಆಫೀಸ ಐತಿ, ಹತ್ತ್ರಿ."

"ಏ, ನಮ್ಮ ಕ್ಯಾಂಟೀನ್ ಇದು!" ಅಂತ ಹಿಗ್ಗಿದ. ಮೆಟ್ಟಿಲು ಹತ್ತಿದ. ತೊಲೆಯ ಹತ್ತಿರ ನಿಂತ. ಮೇಲಿಂದ ಬೆಂಕಿ ಬಿತ್ತು, ಸತ್ತ. ಮತ್ತೆ ಹತ್ತಿದ, ಮತ್ತೆ ಸತ್ತ. ಐದನೇ ಸಲಕ್ಕೆ ಬೆವರು ಒರೆಸಿಕೊಂಡು ಕೇಳಿದ: "ಇದನ್ನ ಬಗ್ಗಸೂದ ಹೆಂಗೋ?"

ಹಿಂದೆ ನಿಂತಿದ್ದ ಅವನದೇ ಕಾರ್ಖಾನೆಯ ವೆಲ್ಡರ್ ಮಲ್ಲಪ್ಪ ಅಂದ: "ಅದು ಬಗ್ಗೂದಿಲ್ರಿ ಸಾಹೇಬ್ರ. ದಿನಾ ಬಗ್ಗಾವ್ರು ನಾವಷ್ಟ."

ಅಂಗಡಿ ಹಾರಿಹೋಗುವಂತೆ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಕಾಕಾ ನಗಲಿಲ್ಲ. ಏಳು ಅಡಿಯ ಕಾರ್ಖಾನೆ ತೆರೆದು, ಸರಸರ ಹತ್ತಿ ತೋರಿಸಿದರು. ಆಮೇಲೆ ಅದೇ ಮೆಟ್ಟಿಲಿನ ನಕ್ಷೆಯನ್ನು ಕೈಯಲ್ಲೇ ಮತ್ತೆ ಬರೆದಿದ್ದ ಹಾಳೆ ಬಿಚ್ಚಿ, ಮೂಲೆಯ 'ತಿದ್ದಿದವರು' ಖಾನೆ ತೋರಿಸಿದರು.

"ನೌಕರಿ ಬ್ಯಾಡರಿ ನನಗ. ಇಲ್ಲೊಂದ ಸಹಿ ಹಾಕ್ರಿ ಸಾಕು."

"ಆಟಕ್ಕ ಸಹಿ ಹಾಕಾಕ ನನಗೇನ ಹುಚ್ಚ ಹಿಡದೈತೇನು?" ಅಂತ ಕುರ್ಚಿ ಒದ್ದು ಹೋದ.

ಮರುದಿನವೇ ಅಂಗಡಿಯ ಹೊರಗಿನ ಹಲಗೆಯ ಮೇಲೆ 'ಹೊಸ ಆಟ: ಜಗದೀಶನ ಮೆಟ್ಟಿಲು' ಅಂತ ದೊಡ್ಡದಾಗಿ ಬರೆದೆ. ವರ್ಷದೊಳಗೆ ಧಾರವಾಡದ ಹೊರಗಿನ ಬೇಲೂರಿನ ಕಾರ್ಖಾನೆಗಳವರೆಗೂ ಮಾತು ಹರಡಿತು. ಯಾರಾದರೂ ಕೆಲಸ ಕೆಡಿಸಿದರೆ, "ಏನೋ ಇದು, ಜಗದೀಶನ ಮೆಟ್ಟಲಾ ಮಾಡಿಟ್ಟಿ!" ನಾನು ಕುಣಿಯುತ್ತಾ ಹೇಳಿದರೆ ಕಾಕಾ ಹಾಳೆ ಮಡಚಿ ಇಡುತ್ತಿದ್ದರು. "ಖಾನಿ ಇನ್ನೂ ಖಾಲಿ ಐತಲ್ಲ ಯವ್ವಾ."

ಕಾಕಾ ಮನೆ ಮಹಡಿಯ ಮೇಲೆ. ಅಲ್ಲಿಗೂ ಒಂದು ಮೆಟ್ಟಿಲು, ಮೇಲೆ ಸರಿಯಾಗಿ ಏಳು ಅಡಿಗೆ ಒಂದು ತೊಲೆ. ನಾನು ಉದ್ದ ಹುಡುಗಿ, ರೂಢಿಯಿಂದ ತಲೆ ಬಗ್ಗಿಸುತ್ತಿದ್ದೆ. ಪ್ರತಿ ಸಲವೂ ಮೇಲಿಂದ ದನಿ ಬರುತ್ತಿತ್ತು: "ತಲಿ ತಗ್ಗಸಬ್ಯಾಡ ಯವ್ವಾ, ಇದು ನಾ ಕಟ್ಟಿಸಿದ್ದು." ಗೇಮ್ ಸೆಂಟರ್ ಮುಚ್ಚಿದ ಮೇಲೂ ಆ ದನಿ ಕೇಳಲೆಂದೇ ಹೋಗುತ್ತಿದ್ದೆ.

ಕಾಕಾ ತೀರಿಕೊಂಡ ಮೂರನೆಯ ದಿನ ಕಾರ್ಖಾನೆಯವರೆಲ್ಲ ಅವರ ಹೆಂಡತಿ ಕಾಕಿಯನ್ನು ಮಾತಾಡಿಸಲು ಬಂದರು. ನಾನು ಮೆಟ್ಟಿಲ ತುದಿಯಲ್ಲಿ ನಿಂತಿದ್ದೆ. ಎಲ್ಲರ ಹಿಂದೆ ಜಗದೀಶ, ಕೂದಲು ಪೂರ್ತಿ ಬೆಳ್ಳಗಾಗಿತ್ತು. ತೊಲೆಯ ಕೆಳಗೆ ಬಂದವನೇ ತಲೆ ಬಗ್ಗಿಸಿದ. ಮೇಲೆ ಒಂದೂವರೆ ಅಡಿ ಜಾಗ ಖಾಲಿ ಇತ್ತು. ಮಲ್ಲಪ್ಪ ತಿರುಗಿ ನೋಡಿದ. ಎಲ್ಲರೂ ನೋಡಿದರು.

"ತಲಿ ತಗ್ಗಸಬ್ಯಾಡ್ರಿ ಸಾಹೇಬ್ರ" ಅಂದೆ. "ಇದು ದಾವಲಸಾಬ ಕಾಕಾ ಕಟ್ಟಿಸಿದ್ದು."

ಅವನು ಅಲ್ಲೇ ನಿಂತ. ಮೇಲೆ ಬರಲಿಲ್ಲ.