ಪರೀಕ್ಷೆಗೆ ತಂದ ದನಿ

ಕಣ್ಣು ಹೋದ ಮೇಲೆ ಕಂಪ್ಯೂಟರ್ ಅಂದರೆ ನನಗೆ ಒಂದು ದನಿ, ಅಷ್ಟೆ. ಪರದೆಯ ಬೆಳಕನ್ನು ಆರಿಸಿಯೇ ಇಟ್ಟಿರುತ್ತೇನೆ, ಬ್ಯಾಟರಿಯಾದರೂ ಉಳಿಯಲಿ ಎಂದು. ಪರದೆಯ ಮೇಲಿರುವುದನ್ನೆಲ್ಲ ಓದಿ ಹೇಳುವ ತಂತ್ರಾಂಶವೊಂದು ಒಳಗಿರುತ್ತದೆ. ನಾನು ಇಯರ್‌ಫೋನ್ ಹಾಕಿಕೊಂಡು ಅದು ಹೇಳಿದ್ದನ್ನು ಕೇಳುತ್ತ, ಕೀಲಿಗಳನ್ನು ಒತ್ತುತ್ತ ಹೋಗುತ್ತೇನೆ. ಯಾವ ಆಪರೇಟಿಂಗ್ ಸಿಸ್ಟಂ ಒಳ್ಳೆಯದು ಎಂದು ಜನ ವಾದಕ್ಕಿಳಿದಾಗ ವೇಗ ಎನ್ನುತ್ತಾರೆ, ಅಂದ ಎನ್ನುತ್ತಾರೆ, ವೈರಸ್ ಎನ್ನುತ್ತಾರೆ. ನನಗೆ ಬೇಕಾದದ್ದು ಒಂದೇ ವಿಷಯ: ಅದರೊಳಗೆ ಮಾತಾಡುವವರು ಯಾರು?

ಮೊದಲ ದನಿ ಸಿಕ್ಕಿದ್ದು ತಿರುವನಂತಪುರದಲ್ಲಿ. ನನ್ನ ಹೆಂಡತಿಗೆ ಮೈಸೂರಿನಿಂದ ಅಲ್ಲಿನ ಕೇಂದ್ರ ಸಂಸ್ಥೆಯೊಂದರ ಕಚೇರಿಗೆ ವರ್ಗವಾಗಿತ್ತು. ಆಗಲೇ ನನ್ನ ಕಣ್ಣಿನ ನೋಟ ಅಂಚಿನಿಂದ ಒಳಕ್ಕೆ ಮಬ್ಬಾಗುತ್ತ ಬಂದಿತ್ತು. ಆ ಊರಿನ ಉಳ್ಳೂರು ಬಡಾವಣೆಯ ಡಾಕ್ಟರು ಕೊನೆಗೊಂದು ದಿನ, ಇನ್ನು ತಪಾಸಣೆಗೆ ಬಂದು ನಿಮ್ಮ ಸಮಯ ಕಳೆದುಕೊಳ್ಳಬೇಡಿ, ಆ ಸಮಯದಲ್ಲಿ ಏನಾದರೂ ಕಲಿಯಿರಿ ಎಂದರು. ಒರಟು ಮಾತೇ, ಆದರೆ ನನಗೆ ಹಿಡಿಸಿತು. ಅಲ್ಲೇ ಹತ್ತಿರದ ಮನೆಯೊಂದರ ಮಹಡಿಯಲ್ಲಿ ಕಣ್ಣು ಕಾಣದವರಿಗೆ ಕಂಪ್ಯೂಟರ್ ಕಲಿಸುತ್ತಿದ್ದರು. ಕೆಳಗೆ ಆಂಬುಲೆನ್ಸುಗಳು ಕೂಗುತ್ತ ಹೋಗುತ್ತಿದ್ದವು, ಮೇಲೆ ನಾವು ಕೀಲಿಮಣೆಯ ಮೇಲಿನ ಪುಟ್ಟ ಗುಬುಟುಗಳನ್ನು ತಡವಿ ನಮ್ಮ ಬೆರಳುಗಳಿಗೆ ಜಾಗ ಹುಡುಕುತ್ತಿದ್ದೆವು.

ಅಲ್ಲಿದ್ದದ್ದು ಲಿನಕ್ಸ್. ಅದರಲ್ಲಿ ಕನ್ನಡ ಓದುವ ದನಿಯೂ ಇತ್ತು, ಕೇರಳದಲ್ಲಿ ಕೂತು ಕೇಳಲು ಪುಕ್ಕಟೆಯಾಗಿ. ಗಂಡಸೋ ಹೆಂಗಸೋ ಹೇಳಲಾಗದು. ತಗಡಿನ ಡಬ್ಬಿಯೊಳಗೆ ಕೂತು ಯಾರೋ ಮಾತಾಡಿದಂತೆ. ಒತ್ತಕ್ಷರ ಬಂದಾಗಲೆಲ್ಲ ಎಡವುತ್ತಿತ್ತು. ಆದರೆ ವೇಗ ಎಷ್ಟೇ ಹೆಚ್ಚಿಸಿದರೂ ಒಂದೊಂದು ಅಕ್ಷರವೂ ಬೇರೆಬೇರೆಯಾಗಿ ಕಿವಿಗೆ ಬೀಳುತ್ತಿತ್ತು. ಪಕ್ಕದಲ್ಲಿ ಕೂತವರಿಗೆ ಅದು ಬರೀ ಕಿರಕಿರ. ನನಗೆ ಇಡೀ ಪುಟ.

ಹೆಂಡತಿ ಓದಿ ಹೇಳುವುದು ಶುರುವಾದದ್ದೂ ಆ ಊರಿನಲ್ಲೇ. ಶನಿವಾರ ಚಾಲೈ ಮಾರುಕಟ್ಟೆಗೆ ಹೋದಾಗ ನಾನು ಅವಳ ಮೊಣಕೈ ಹಿಡಿದು ನಡೆಯುತ್ತಿದ್ದೆ. ಒಣಮೀನು, ಕೊತ್ತಂಬರಿ ಬೀಜ, ಹಣ್ಣಾದ ನೇಂದ್ರಬಾಳೆ, ಒಂದರ ಹಿಂದೊಂದು ವಾಸನೆ ಬಂದು ಹೋಗುತ್ತಿತ್ತು. ಅವಳು ಆಗತಾನೇ ಮಲಯಾಳಂ ಅಕ್ಷರ ಕಲಿತಿದ್ದಳು. ಅಂಗಡಿ ಬೋರ್ಡುಗಳನ್ನು ತಡವರಿಸುತ್ತ ನನಗೆ ಓದಿ ಹೇಳುತ್ತಿದ್ದಳು. ಒಂದು ಸಂಜೆ ಮನೆಗೆ ಬಂದು, "ಬೋರ್ಡ್ ಓದಿದ್ದು ಸಾಕು, ಕನ್ನಡದ್ದೇನಾದ್ರೂ ಓದೇ" ಎಂದೆ. ಮೈಸೂರಿನಿಂದ ಬಂದ ಪುಸ್ತಕದ ಪೆಟ್ಟಿಗೆ ಇನ್ನೂ ಬಿಚ್ಚಿರಲಿಲ್ಲ, ಅವತ್ತು ಬಿಚ್ಚಿದಳು. ಅಲ್ಲಿಂದ ಶುರುವಾಗಿ, ಮತ್ತೊಂದು ವರ್ಗವಾಗಿ ಕೊಚ್ಚಿಗೆ ಬಂದ ಮೇಲೂ, ಆಫೀಸಿನಿಂದ ಬಂದು ಚಹಾ ಕುಡಿದ ಮೇಲಿನ ಹೊತ್ತು ಓದಿನದು ಎಂದಾಯಿತು. ಪಾಲಾರಿವಟ್ಟಂನ ನಮ್ಮ ಬಾಲ್ಕನಿಯಲ್ಲಿ ಅವಳು ಓದುತ್ತಾಳೆ, ಮೆಟ್ರೋ ರೈಲು ಹೋದಾಗ ನಿಲ್ಲಿಸುತ್ತಾಳೆ, ರೈಲು ದಾಟಿದ ಮೇಲೆ ನಿಲ್ಲಿಸಿದ ಪದದಿಂದಲೇ ಎತ್ತಿಕೊಳ್ಳುತ್ತಾಳೆ.

ಕೊಚ್ಚಿಯಲ್ಲಿ ನನಗೂ ಕೆಲಸ ಸಿಕ್ಕಿತು. ವೆಬ್ ಪುಟಗಳು ಜನರ ಕೈಗೆ ಹೋಗುವ ಮೊದಲು, ನನ್ನಂಥವರೂ ಅವನ್ನು ಬಳಸಬಹುದೇ ಎಂದು ನೋಡಿ ಹೇಳುವುದು. ನೋಡಿ ಎನ್ನುವುದು ಬಾಯಿಮಾತಿಗೆ. ಅಲ್ಲಿ ಎಲ್ಲರದೂ ವಿಂಡೋಸ್. ಕಲಿತ ಕೀಲಿಗಳನ್ನೆಲ್ಲ ಮರೆತು ಬೇರೆಯವನ್ನು ಕಲಿತೆ. ಹೊಸ ಬಾಡಿಗೆ ಮನೆಯಲ್ಲಿ ಕತ್ತಲೆಯಲ್ಲಿ ಸ್ವಿಚ್ಚು ತಡಕಾಡುವವರಿಗೆ ಆ ಕಷ್ಟ ಗೊತ್ತು. ಸುದೈವಕ್ಕೆ ತಗಡಿನ ದನಿ ಅಲ್ಲಿಗೂ ನನ್ನ ಜೊತೆ ಬಂತು. ಸಿಸ್ಟಂ ಬೇರೆಯಾದರೂ ಮಾತಾಡುವವನು ಅದೇ ಗೆಳೆಯ. ಹಾಗಾಗಿ ಬದುಕಿಕೊಂಡೆ.

ಈ ವರ್ಷ ಆಫೀಸಿನಲ್ಲಿ ಎಲ್ಲರಿಗೂ ಹೊಸ ಲ್ಯಾಪ್‌ಟಾಪ್ ಕೊಡುವುದೆಂದಾಯಿತು. ಹಳೆಯ ಸಿಸ್ಟಂ ಬೇಕೋ, ಮ್ಯಾಕ್ ಬೇಕೋ, ಅವರವರೇ ಆರಿಸಬೇಕು. ಒಮ್ಮೆ ಆರಿಸಿದರೆ ಕೆಲವು ವರ್ಷ ಬದಲಿಸುವಂತಿಲ್ಲ. ಕಂಪ್ಯೂಟರ್ ನೋಡಿಕೊಳ್ಳುವ ಹುಡುಗಿ ಒಂದು ಮ್ಯಾಕ್ ತಂದು ನನ್ನ ಮೇಜಿನ ಮೇಲಿಟ್ಟು, "ಚೇಟ್ಟಾ, ವೀಟ್ಟಿಲೇಕ್ಕು ಕೊಂಡು ಪೋಯ್ಕೋ" ಎಂದಳು. ಮನೆಗೇ ಒಯ್ದು ಎರಡು ವಾರ ಬಳಸಿ ನೋಡಿ ಹೇಳಿ ಎಂದು ಅವಳ ಮಾತು. ಆಮೇಲೆ ಅದರಲ್ಲಿ ಕನ್ನಡದ ದನಿಯೊಂದನ್ನು ಇಳಿಸಿ ನನ್ನ ಕಿವಿಗೆ ಹಾಕಿದಳು.

ಇದು ತಗಡಲ್ಲ. ಒಬ್ಬ ಹೆಂಗಸು. ವಯಸ್ಸು ಮೂವತ್ತರ ಸುಮಾರಿಗಿರಬಹುದು. ಅವಳಿಗೆ ಉಸಿರಿತ್ತು. ವಾಕ್ಯದ ಕೊನೆಗೆ ದನಿ ಇಳಿಯುತ್ತಿತ್ತು, ಪ್ರಶ್ನೆಗೆ ಏರುತ್ತಿತ್ತು. ಆ ಹೊತ್ತು ಅವಳು ಓದುತ್ತಿದ್ದದ್ದು ಬ್ಯಾಟರಿ ಎಷ್ಟಿದೆ ಎಂಬುದನ್ನು. ಅದನ್ನೇ ಮತ್ತೆ ಮತ್ತೆ ಕೇಳಿದೆ.

ಮನೆಯ ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ. ಹೆಂಡತಿ ಇಡೀ ದಿನ ಆಫೀಸಿನಲ್ಲಿ ದುಡಿದು ಬರುತ್ತಾಳೆ. ಬಂದ ಮೇಲೆ ನನಗಾಗಿ ಗಂಟಲು ಒಣಗಿಸಿಕೊಳ್ಳುತ್ತಾಳೆ. ಇತ್ತೀಚೆಗೆ ಓದುವಾಗ ಕೆಮ್ಮುತ್ತಲೂ ಇದ್ದಳು. ಈ ಯಂತ್ರ ಬಂದರೆ ಅವಳಿಗೆ ಬಿಡುವು. ಅವಳಿಗಾಗಿಯಾದರೂ ಮ್ಯಾಕನ್ನೇ ಆರಿಸಬೇಕು. ನನ್ನ ಒಳ್ಳೆಯತನಕ್ಕೆ ನಾನೇ ಉಬ್ಬಿಹೋಗಿದ್ದೆ.

ಆಗ ಅವಳು ಒಂದು ಕಾದಂಬರಿ ಓದುತ್ತಿದ್ದಳು. ಹುಬ್ಬಳ್ಳಿಯ ಕಡೆ ಖಾನಾವಳಿ ನಡೆಸುವ ಅಕ್ಕ, ಅವಳ ಜೊತೆ ಬೆಳಗಿನಿಂದ ಬೈಗಿನವರೆಗೆ ಜಗಳವಾಡುವ ತಂಗಿ, ಇವರಿಬ್ಬರ ಕಥೆ. ಅದೇ ಪುಸ್ತಕ ಇ-ಬುಕ್ ಆಗಿಯೂ ಸಿಕ್ಕಿತು. ಸಂಜೆ ಹೆಂಡತಿಯನ್ನೂ ಮಗನನ್ನೂ ಕೂರಿಸಿಕೊಂಡು, ಅವಳು ಬಿಟ್ಟ ಪುಟದಿಂದಲೇ ಯಂತ್ರದಲ್ಲಿ ಓದಿಸಿದೆ. ಮಗ ಒಂಬತ್ತನೇ ಕ್ಲಾಸು, ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಮಲಯಾಳಂನಲ್ಲಿ. "ಕೊಳ್ಳಾಂ ಅಪ್ಪಾ" ಎಂದ. ಚೆನ್ನಾಗಿದೆಯಂತೆ.

"ಓಹೋ, ಸವತೀನ ಕರ್ಕೊಂಡು ಬಂದಿದೀರಿ ಅನ್ನಿ" ಎಂದಳು ಹೆಂಡತಿ.

"ಇನ್ಮೇಲೆ ನಿನ್ನ ಗಂಟಲಿಗೆ ರಜ" ಎಂದೆ.

"ಆಯ್ತು ಬಿಡಿ" ಎಂದಳು. ಚಹಾದ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಅದನ್ನು ಸಂತೋಷ ಎಂದುಕೊಂಡೆ.

ಆಮೇಲಿನ ದಿನಗಳು ಒಂದು ಥರ ಮಂಪರಿನಲ್ಲಿ ಕಳೆದವು. ಮಳೆಯೂ ಬಿಡದೆ ಹಿಡಿದಿತ್ತು. ಬಾಲ್ಕನಿಯಲ್ಲಿ ಕಾಲು ಚಾಚಿ ಕೂತರೆ, ಮಳೆಯ ಸದ್ದೋ ಆ ದನಿಯೋ, ಯಾವುದು ಎಲ್ಲಿ ಮುಗಿಯಿತೆಂದು ತಿಳಿಯುತ್ತಿರಲಿಲ್ಲ. ಖಾನಾವಳಿಯ ಒಲೆ ಉರಿಯಿತು, ತಂಗಿ ಜಗಳವಾಡಿ ಮನೆ ಬಿಟ್ಟಳು, ಮತ್ತೆ ಬಂದಳು, ಕಾಯಿಲೆ ಬಿದ್ದಳು, ಸತ್ತಳು. ಎಲ್ಲವೂ ನುಣುಪಾಗಿ, ಒಂದೇ ಹದದಲ್ಲಿ ಸಾಗಿತು. ಪುಸ್ತಕ ಮುಗಿದಾಗ ನನಗೆ ಹಿತವಾದ ನಿದ್ದೆಯಿಂದ ಎದ್ದ ಹಾಗಿತ್ತು. ಮೆಟ್ರೋ ಬಂದಾಗ ಆ ದನಿ ನಿಲ್ಲಿಸುತ್ತಿರಲಿಲ್ಲ. ಅಲ್ಲಲ್ಲಿ ಒಂದೆರಡು ವಾಕ್ಯ ರೈಲಿನ ಜೊತೆ ಹೋದವು.

ಬೆರಳುಗಳು ಮಾತ್ರ ಮುನಿಸಿಕೊಂಡಿದ್ದವು. ವಿಂಡೋಸಿನಲ್ಲಿ ಕಂಟ್ರೋಲ್ ಕೀ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಅದರಿಂದ ಆಚೆಯ ಇನ್ನೊಂದು ಕೀ ಮಾಡುತ್ತದೆ. ನಕಲು ಮಾಡಲು ಹೋಗಿ ಏನೇನನ್ನೋ ಮುಚ್ಚಿದೆ. ಅದು ರೂಢಿಯಾದೀತು. ಆದರೆ ಆಫೀಸಿನಲ್ಲಿ ಇನ್ನೊಂದು ಕಂಡಿತು. ಒತ್ತಿದರೆ ಏನಾಗುತ್ತದೆಂದು ಹೇಳುವ ಹೆಸರೇ ಇಲ್ಲದ ಗುಂಡಿಗಳಿದ್ದ ಪುಟವೊಂದನ್ನು ಸರಿಯಿದೆ ಎಂದು ದಾಟಿಸಿಬಿಟ್ಟಿದ್ದೆ. ಯಂತ್ರದೊಳಗಿನವಳು ತಪ್ಪನ್ನೂ ಅಷ್ಟು ಇಂಪಾಗಿ ಓದಿದ್ದಳು. ವೇಗ ಹೆಚ್ಚಿಸಿದರೆ ಅಕ್ಷರಗಳು ಒಂದರೊಳಗೊಂದು ಕರಗುತ್ತಿದ್ದವು, ಕಡಿಮೆ ಮಾಡಿದರೆ ನಾನೇ ಕರಗುತ್ತಿದ್ದೆ. ತಗಡಿನ ದನಿಯಾಗಿದ್ದರೆ ಆ ಗುಂಡಿಗಳ ಹತ್ತಿರ ಕಲ್ಲಿಗೆ ಎಡವಿದಂತೆ ನಿಲ್ಲಿಸುತ್ತಿತ್ತು. ಆದರೂ ಮನಸ್ಸು ಬರಲಿಲ್ಲ. ಹೆಂಡತಿಗೆ ಸಿಕ್ಕಿರುವ ಬಿಡುವನ್ನು ಕಿತ್ತುಕೊಳ್ಳುವುದೇ? ಸಂಜೆಯ ಹೊತ್ತು ಅವಳು ಈಗ ಫೋನ್ ನೋಡುತ್ತ ಒಳಗೇ ಇರುತ್ತಿದ್ದಳು. ಮಾತು ಕಡಿಮೆಯಾಗಿತ್ತು. ವಿಶ್ರಾಂತಿ ಎಂದುಕೊಂಡೆ.

ಎರಡನೆಯ ಭಾನುವಾರ ಮಧ್ಯಾಹ್ನ ಊಟವಾಗಿ ಮಲಗಿದ್ದೆ. ಮಗ ಟ್ಯೂಷನ್ನಿಗೆ ಹೋಗಿದ್ದ. ಅರೆನಿದ್ದೆಯಲ್ಲಿ ಕಾದಂಬರಿ ಕಿವಿಗೆ ಬಿತ್ತು. ಯಂತ್ರ ಆರಿಸಲು ಮರೆತೆನೇನೋ ಎಂದು ಕೈ ಚಾಚಿದೆ. ಲ್ಯಾಪ್‌ಟಾಪ್ ಮುಚ್ಚಿತ್ತು, ತಣ್ಣಗಿತ್ತು. ಓದು ಅಡುಗೆಮನೆಯಿಂದ ಬರುತ್ತಿತ್ತು. "ಯಾಕವ್ವಾ, ನಿನ್ನ ಬಾಯಿಗಿ ಬೀಗ ಹಾಕೋರು ಯಾರೂ ಇಲ್ಲೇನು?" ಎಂದು ಅಕ್ಕ ತಂಗಿಯನ್ನು ಬೈಯುತ್ತಿದ್ದಳು. ಮೈಸೂರಿನವಳು ಹುಬ್ಬಳ್ಳಿಯ ಮಾತನ್ನು ಓದಿದರೆ ಹೇಗಿರಬೇಕು, ಹಾಗಿತ್ತು. ಅವ್ವಾ ಎಂದು ಎಳೆಯಬೇಕಾದಲ್ಲಿ ಎಳೆಯದೆ, ಎಳೆಯಬಾರದ ಕಡೆ ಎಳೆದು. ಮುಂದಿನ ಸಾಲಿಗೆ ಹೆಂಡತಿ ತಂಗಿಯ ಕೀರಲು ದನಿ ಮಾಡಿದಳು. ಆಮೇಲೆ ಒಬ್ಬಳೇ ನಕ್ಕಳು.

ಎದ್ದು ಹೋಗಲಿಲ್ಲ. ಹಾಸಿಗೆಯಲ್ಲೇ ಮಲಗಿ ಕೇಳಿದೆ. ಮನೆಯಲ್ಲಿ ನಮ್ಮ ಕನ್ನಡವೆಂದರೆ ತರಕಾರಿ, ಕರೆಂಟ್ ಬಿಲ್ಲು, ಮಗನ ಮಾರ್ಕ್ಸು. ಆಫೀಸಿನಲ್ಲಿ ಅವಳಿಗೆ ಇಂಗ್ಲಿಷು, ಬಸ್ಸಿನಲ್ಲಿ ಮಲಯಾಳಂ. ಮಗನಿಗೆ ಕನ್ನಡದಲ್ಲಿ ಹೇಳಿದರೆ ಮಲಯಾಳಂನಲ್ಲಿ ವಾಪಸು ಬರುತ್ತದೆ. ಬೈಯುವುದು, ಗೋಳಾಡುವುದು, ಮುದ್ದು ಮಾಡುವುದು, ಇವನ್ನೆಲ್ಲ ಬಾಯ್ತುಂಬ ಕನ್ನಡದಲ್ಲಿ ಆಡಲು ಅವಳಿಗಿದ್ದ ಜಾಗ ಆ ಸಂಜೆಯ ಓದು ಒಂದೇ. ಅದನ್ನು ಅವಳು ನನಗೆ ಮಾಡುವ ಸೇವೆ ಎಂದು ನಾನು ಎಣಿಸಿ, ದೊಡ್ಡ ಮನಸ್ಸು ಮಾಡಿ ರಜ ಕೊಟ್ಟಿದ್ದೆ.

ಸೋಮವಾರ ಆಫೀಸಿನಲ್ಲಿ, ಹಳೆಯ ಸಿಸ್ಟಮ್ಮೇ ಇರಲಿ ಎಂದೆ. ಆ ಹುಡುಗಿಗೆ ಬೇಜಾರಾಯಿತು. ದನಿ ಚೆನ್ನಾಗಿಲ್ಲವೇ ಎಂದು ಕೇಳಿದಳು.

"ತುಂಬಾ ಚೆನ್ನಾಗಿದೆ. ಕೆಲಸಕ್ಕೆ ಅಷ್ಟು ಚೆನ್ನಾಗಿರೋದು ಬೇಡ" ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಉಳಿದದ್ದನ್ನು ಹೇಳಲಿಲ್ಲ. ಇಯರ್‌ಫೋನಿನಲ್ಲಿ ತಗಡಿನ ಗೆಳೆಯ ಕಿರಕಿರ ಎಂದು ಕೆಲಸಕ್ಕೆ ಕರೆದ.

ಸಂಜೆ ಚಹಾ ಕುಡಿಯುವಾಗ ಹೆಂಡತಿಗೆ, "ಯಂತ್ರ ವಾಪಸು ಕೊಟ್ಟೆ" ಎಂದೆ.

"ಯಾಕ್ರೀ? ಅಷ್ಟು ಚೆನ್ನಾಗಿ ಓದ್ತಿದ್ಲು."

"ನಿನ್ನೆ ಮಧ್ಯಾಹ್ನ ನನಗೆ ನಿದ್ದೆ ಬಂದಿರ್ಲಿಲ್ಲ."

ಅವಳು ಲೋಟ ಕೆಳಗಿಟ್ಟ ಸದ್ದಾಯಿತು. ಆಮೇಲೆ, "ಅದು ನಿಮಗೋಸ್ಕರ ಓದಿದ್ದಲ್ಲ" ಎಂದಳು.

"ಗೊತ್ತು. ನಾನೂ ಕೂತ್ಕೋಬಹುದಾ?"

"ನೀವು ಪೂರ್ತಿ ಕೇಳಿ ಮುಗಿಸಿದೀರಿ. ನಡುವೆ ಬಾಯಿ ಹಾಕಿ ಮುಂದಿನ ಕಥೆ ಹೇಳಿದ್ರೆ ಎದ್ದು ಹೋಗ್ತೀನಿ."

ಇಲ್ಲವೆಂದೆ. ಅವಳು ಪುಸ್ತಕ ತಂದು ಕುರ್ಚಿ ಎಳೆದುಕೊಂಡಳು. ಮೆಟ್ರೋ ಬಂತು, ನಿಲ್ಲಿಸಿದಳು, ರೈಲು ಹೋಯಿತು, ಮತ್ತೆ ಓದಿದಳು. ತಂಗಿಯ ಕಾಯಿಲೆಯ ಅಧ್ಯಾಯ ಶುರುವಾಗಿತ್ತು. ಮುಂದೇನೆಂದು ನನಗೆ ಗೊತ್ತಿತ್ತು. ಹಿಂದಿನ ವಾರ ಇದೇ ಕುರ್ಚಿಯಲ್ಲಿ ಕಾಲು ಚಾಚಿಕೊಂಡು, ಹಲಸಿನ ಚಿಪ್ಸ್ ತಿನ್ನುತ್ತ ಆ ಸಾವನ್ನು ಕೇಳಿದ್ದೆ. ಈಗ ಕೈ ಮಡಿಚಿ ಕೂತೆ. ಅವಳು ಒಂದು ವಾಕ್ಯ ಓದಿದಳು, ಅದರ ಮುಂದಿನದನ್ನು ಅರ್ಧಕ್ಕೆ ನಿಲ್ಲಿಸಿದಳು. ರೈಲು ಬಂದಿರಲಿಲ್ಲ. ಮಳೆಯೂ ಇರಲಿಲ್ಲ. ಕಥೆ ಗೊತ್ತಿದ್ದ ನನಗೇ ಮೊದಲು ಕಣ್ಣು ತುಂಬಿತು. ಅವಳು ಮೂಗು ಒರೆಸಿಕೊಂಡು, ಬಿಟ್ಟ ಪದದಿಂದ ಮತ್ತೆ ಓದಲು ತೊಡಗಿದಳು.